ಐಸಕ್ಕನ ಬೇಸಿಗೆ ಶೂ

ಕೋಲ್ಡ್ ಸ್ಟೋರೇಜಿನ ಮಧ್ಯಾಹ್ನದ ಪಾಳಿಯ ಮೇಲ್ವಿಚಾರಕಿಗೆ ಹೆತ್ತವರು ಇಟ್ಟ ಹೆಸರು ಬೇರೆ ಏನೋ ಇತ್ತು. ಹಾಜರಿ ಹಾಕುವವರಿಗೂ ಅದು ಮರೆತುಹೋಗಿತ್ತು. ಎಲ್ಲರ ಬಾಯಲ್ಲೂ ಅವಳು ಐಸಕ್ಕ. ಹೊರಗೆ ರಸ್ತೆಯ ಡಾಂಬರು ಕರಗುತ್ತಿರುವಾಗ ಒಳಗೆ ಮೀನು, ಬಟಾಣಿ, ಬೆಣ್ಣೆಯ ಪೆಟ್ಟಿಗೆಗಳ ನಡುವೆ ಉಣ್ಣೆ ಟೋಪಿ ಹಾಕಿಕೊಂಡು ಓಡಾಡುವುದು ಅವಳ ಕೆಲಸ. ಬೇಸಿಗೆ ಎಂಬುದೊಂದಿದೆ ಎಂದು ಅವಳಿಗೆ ನೆನಪಾಗುತ್ತಿದ್ದುದು ಬಸ್ ಸ್ಟಾಪಿನಲ್ಲಿ ಮಾತ್ರ.

ಇಂಥ ಐಸಕ್ಕನಿಗೆ ಕಂಪನಿಯ ಬೇಸಿಗೆ ಸಮಾವೇಶದಲ್ಲಿ ಐದು ನಿಮಿಷ ಮಾತಾಡಿ ಎಂದು ಕರೆ ಬಂತು. ವಿಷಯ ಅವಳ ಇಷ್ಟಕ್ಕೆ ಬಿಟ್ಟದ್ದು. ಉಡುಪು ಮಾತ್ರ ಬಿಸಿನೆಸ್ ಕ್ಯಾಶುವಲ್ಲೇ ಆಗಿರಬೇಕಂತೆ.

ಏನು ಮಾತಾಡಬೇಕೆಂಬ ಚಿಂತೆ ಅವಳಿಗಿರಲಿಲ್ಲ. ಬೂಟು! ಮೂರು ಪಾಳಿಗೂ ಇದ್ದದ್ದು ಒಂದೇ ಸೆಟ್ಟು ಬೂಟು. ಬೆಳಗಿನವರು ಬಿಚ್ಚಿಟ್ಟದ್ದಕ್ಕೆ ಮಧ್ಯಾಹ್ನದವರು ಕಾಲು ತೂರಿಸಬೇಕು, ಒಳಗಿನ ಬೆವರು ಆರುವುದಕ್ಕೆ ಪುರಸೊತ್ತೇ ಇಲ್ಲ. ಎಲ್ಲರಿಗೂ ಆಗಲೆಂದು ಎಲ್ಲವೂ ದೊಡ್ಡ ಅಳತೆಯವು, ಸಣ್ಣ ಪಾದದವರು ಎರಡೆರಡು ಜೊತೆ ಕಾಲುಚೀಲ ತುರುಕಿಕೊಳ್ಳಬೇಕು. ಅವಳ ಪಾಳಿಯಲ್ಲಿ ಏಣಿ ಎಂಬ ಉದ್ದನೆಯ ಆಳೊಬ್ಬನಿದ್ದ. ಹೋದ ವರ್ಷ ಆ ಒದ್ದೆ ಬೂಟಿನೊಳಗೇ ಅವನ ಕಿರುಬೆರಳು ಕಪ್ಪಾಗಿ, ಕತ್ತರಿಸಿ ತೆಗೆಯಬೇಕಾಯಿತು. ಪ್ರತಿ ಪಾಳಿಗೂ ಬೇರೆ ಬೂಟು ಕೊಡಿ ಎಂದು ಐಸಕ್ಕ ಕೇಳಿದಾಗಲೆಲ್ಲ ಮೇಲಿನವರು ‘ನೋಡೋಣ’ ಎಂದಿದ್ದರು. ಪಾಪ, ಇನ್ನೂ ನೋಡುತ್ತಲೇ ಇದ್ದರು.

ಉಡುಪಿನ ವಿಚಾರವನ್ನು ರೆಡಿಮೇಡ್ ಅಂಗಡಿಯಲ್ಲಿ ಕೆಲಸ ಮಾಡುವ ನಾದಿನಿ ತಲೆಯ ಮೇಲೆ ಹೊತ್ತುಕೊಂಡಳು.

“ಬಿಸಿನೆಸ್ ಕ್ಯಾಶುವಲ್ ಅಂದ್ರೆ ಏನೇ?”

“ಆಫೀಸಿಗೆ ಹೊರಟ ಹಾಗೂ ಇರಬೇಕು ಅತ್ತಿಗೆ, ರಜಾ ಹಾಕಿದ ಹಾಗೂ ಇರಬೇಕು.”

“ಎರಡೂ ಒಟ್ಟಿಗೆ ಹೇಗೆ?”

“ಅದಕ್ಕೇ ಅಷ್ಟು ರೇಟು!”

ಮಂಚದ ಮೇಲೆ ಬಟ್ಟೆಯ ರಾಶಿ ಬಿತ್ತು. ಬಿಳಿ ಅಂಗಿ ಹಾಕಿದರೆ ನರ್ಸ್ ಥರ ಕಾಣ್ತೀರಿ, ಕಪ್ಪು ಕೋಟು ಹಾಕಿದರೆ ವಕೀಲರ ಥರ ಕಾಣ್ತೀರಿ ಎಂದು ನಾದಿನಿ ಒಂದೊಂದಕ್ಕೂ ಮೂಗು ಮುರಿದಳು. ಕೊನೆಗೆ ತಿಳಿನೀಲಿ ಲಿನನ್ ಅಂಗಿ, ಗೋಧಿ ಬಣ್ಣದ ಪ್ಯಾಂಟು ಗೆದ್ದವು. ಲಿನನ್ ತೊಟ್ಟ ಗಳಿಗೆಯಲ್ಲೇ ಮುದುಡಿತು. ಮುದುಡಿದರೇ ಅದಕ್ಕೆ ಶೋಭೆ ಎಂದಳು ನಾದಿನಿ. ಮನೆಯಲ್ಲಿ ದಿನಾ ಇಸ್ತ್ರಿ ತಿಕ್ಕುವ ಐಸಕ್ಕನ ಗಂಡ ಇದನ್ನು ಕೇಳಿ ನಿಟ್ಟುಸಿರು ಬಿಟ್ಟ.

ಉಳಿದದ್ದು ಶೂ. ಐಸಕ್ಕ ಒಂದು ಸಂಜೆ ಪಾಳಿಯಿಂದ ಬೇಗ ಬಿಡಿಸಿಕೊಂಡು, ನಾದಿನಿಯ ಜೊತೆ ನೆಟ್ಟಗೆ ಶೂ ಅಂಗಡಿಗೆ ಹೋದಳು. ಅಷ್ಟು ವರ್ಷ ಬೂಟಿನಲ್ಲೇ ಕಳೆದವಳಿಗೆ ತನ್ನ ಪಾದದ ಅಳತೆಯೇ ಗೊತ್ತಿರಲಿಲ್ಲ, ಬೂಟಿನ ಅಳತೆಯನ್ನೇ ಹೇಳಿದಳು. ಕಾಲಲ್ಲಿ ಎರಡು ಜೊತೆ ಉಣ್ಣೆ ಕಾಲುಚೀಲ ಹಾಗೇ ಇದ್ದವು. ಅವು ಅವಳ ಚರ್ಮದಷ್ಟೇ ಅಭ್ಯಾಸವಾಗಿದ್ದರಿಂದ ಬಿಚ್ಚಬೇಕೆಂದು ಹೊಳೆಯಲೇ ಇಲ್ಲ. ಲೇಸಿಲ್ಲದ ಕಂದು ಲೋಫರ್ ಗಟ್ಟಿಯಾಗಿ ಹಿಡಿದು ಕೂತಿತು. ಅಷ್ಟು ದೊಡ್ಡ ಅಳತೆಯ ಜೋಡಿ ಯಾರೂ ಕೊಳ್ಳದೆ ಕಪಾಟಿನಲ್ಲಿ ಕೊಳೆಯುತ್ತಿತ್ತು, ಅಂಗಡಿಯವನೇಕೆ ಬಾಯಿ ಬಿಟ್ಟಾನು? ಎಚ್ಚರಿಸಬೇಕಾಗಿದ್ದ ನಾದಿನಿ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಳ್ಳುತ್ತಿದ್ದಳು.

ಸಮಾವೇಶದ ಬೆಳಿಗ್ಗೆ ಐಸಕ್ಕ ಕಾಲುಚೀಲಕ್ಕೆ ಕೈ ಹಾಕಿದಾಗ ನಾದಿನಿ ಹೌಹಾರಿದಳು.

“ಬೇಸಿಗೇಲಿ ಲೋಫರಿಗೆ ಕಾಲುಚೀಲಾನಾ? ಮಾನ ಹೋಗುತ್ತೆ ಅತ್ತಿಗೆ!”

ಮಾನ ಹೋದದ್ದು ಕಾಲುಚೀಲ ಇಲ್ಲದ್ದರಿಂದಲೇ. ಸಭಾಂಗಣದ ತುಂಬ ಮುದುಡಿದ ಲಿನನ್ ಕೂತಿತ್ತು. ಐಸಕ್ಕ ಜಾರುವ ಶೂವನ್ನು ಕಾಲ್ಬೆರಳುಗಳಲ್ಲೇ ಹಿಡಿದುಕೊಂಡು ಹೇಗೋ ವೇದಿಕೆಯವರೆಗೆ ಬಂದಳು. ಬಲಗಾಲಿನದು ಮಾತ್ರ ಮೆಟ್ಟಿಲ ಮೇಲೇ ಉಳಿಯಿತು. ಎಲ್ಲರೂ ಗೊಳ್ಳೆಂದು ನಕ್ಕರು. ಕಂಪನಿಯ ನಿರ್ದೇಶಕರು ದೊಡ್ಡ ಮನಸ್ಸಿನವರು, ತಾವೇ ಎದ್ದು ಹೋಗಿ ಶೂ ಎತ್ತಿಕೊಂಡು ಬಂದರು. ಅದಕ್ಕೊಂದು ಚಪ್ಪಾಳೆ ಬಿತ್ತು.

“ಏನಮ್ಮ, ಯಾರದೋ ಶೂ ಹಾಕ್ಕೊಂಡು ಬಂದುಬಿಟ್ರಾ?”

“ಇಲ್ಲ ಸಾರ್, ಇದು ನಂದೇ. ಯಾರದೋ ಹಾಕ್ಕೊಳ್ಳೋದು ಕೆಲಸದಲ್ಲಿ.”

ನಿಜವನ್ನೇ ಹೇಳಿದ್ದಳು, ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ತಮಾಷೆಯ ಹೆಂಗಸು ಎಂದು ಒಮ್ಮೆ ತೀರ್ಮಾನವಾದ ಮೇಲೆ ಒದ್ದೆ ಬೂಟು ಅಂದರೂ ನಗು, ಎರಡು ಜೊತೆ ಕಾಲುಚೀಲ ಅಂದರೂ ನಗು. ಏಣಿಯ ಬೆರಳಿನ ಮಾತು ನಾಲಿಗೆಗೆ ಬರುವಷ್ಟರಲ್ಲಿ ಸಮಯ ಮುಗಿಯಿತೆಂದು ಗಂಟೆ ಬಾರಿಸಿದರು. ಐಸಕ್ಕನಿಗೆ ಅಳು ಬಂತು, ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂತು. ಶೂ ಕೈಯಲ್ಲಿ ಹಿಡಿದು ಬರಿಗಾಲಲ್ಲೇ ಇಳಿದು ಬಂದಳು.

ಕೆಲವು ದಿನ ಕಳೆದು ಕೋಲ್ಡ್ ಸ್ಟೋರೇಜಿಗೆ ಪಾರ್ಸೆಲ್ ಬಂತು. ಬೂಟೇ ಬಂತೆಂದು ಇಡೀ ಪಾಳಿ ಮುತ್ತಿಕೊಂಡಿತು. ಒಳಗಿದ್ದದ್ದು ಒಂದೇ ಜೊತೆ ಲೋಫರ್, ಮೆತ್ತನೆಯ ಚರ್ಮದ್ದು. ಐಸಕ್ಕನ ಪಾದಕ್ಕೆ ಅಳೆದು ಹೊಲಿದಂತೆ ಕೂತಿತು. ಜೊತೆಗೆ ನಿರ್ದೇಶಕರ ಚೀಟಿ: ‘ಇದು ಜಾರುವುದಿಲ್ಲ. ಅಂದು ನಗಿಸಿದ್ದಕ್ಕೆ ಧನ್ಯವಾದ. ನಿಮ್ಮ ಜೊತೆ ಫೋಟೋ ತೆಗೆಸಿಕೊಳ್ಳಲು ಬುಧವಾರ ಕೋಲ್ಡ್ ಸ್ಟೋರೇಜಿಗೇ ಬರುತ್ತೇನೆ.’

ಏಣಿ ಬಗ್ಗಿ ನೋಡಿದ. “ಅಕ್ಕ, ಮೂರು ಪಾಳಿಗೂ ಇದೊಂದೇ ಜೊತೆನಾ?”

ಬುಧವಾರ ಪಾಳಿ ಬದಲಾಗುವ ಹೊತ್ತಿಗೆ ನಿರ್ದೇಶಕರು ಬಂದರು. ಲಿನನ್ ಅಂಗಿ, ಲೋಫರ್, ಕಾಲುಚೀಲ ಇಲ್ಲ. ಒಳಗಿನ ಚಳಿಗೆಂದು ಹೊಸ ಜಾಕೆಟ್ಟನ್ನು ಅವರ ಕಡೆಯವರೇ ಹಿಡಿದು ತಂದಿದ್ದರು. ಕಾಲಿನ ಕಡೆ ಯಾರ ಗಮನವೂ ಹೋಗಿರಲಿಲ್ಲ. ಬೂಟಿಲ್ಲದೆ ಒಳಗೆ ಪ್ರವೇಶವಿಲ್ಲ ಎಂಬ ಬೋರ್ಡಿನ ಕೆಳಗೆ ನಿರ್ದೇಶಕರದೇ ಸಹಿ ಇತ್ತು. ಸಂದರ್ಶಕರಿಗೆಂದು ಒಂದು ಜೊತೆ ಒಣ ಬೂಟು ಬೀರುವಿನಲ್ಲಿ ಸದಾ ಇರುತ್ತಿತ್ತು. ಬೀರುವಿನ ಕೀ ಐಸಕ್ಕನ ಜೇಬಿನಲ್ಲಿತ್ತು. ಅದು ಅಲ್ಲೇ ಇರಲಿ ಎಂದುಕೊಂಡು, ಬೆಳಗಿನ ಪಾಳಿಯವನೊಬ್ಬ ಆಗಷ್ಟೇ ಬಿಚ್ಚಿಟ್ಟ ಜೋಡಿಯನ್ನು ತಂದು ಅವರ ಮುಂದಿಟ್ಟಳು.

ನಿರ್ದೇಶಕರು ನಗುನಗುತ್ತಲೇ ಬರಿಗಾಲು ತೂರಿಸಿದರು. ಮುಖ ಹುಳ್ಳಗಾಯಿತು.

“ಒಳಗೆ ಏನೋ ಒದ್ದೆ ಒದ್ದೆ ಇದೆಯಲ್ಲಮ್ಮ?”

“ಬೆಳಗಿನ ಪಾಳಿಯವರ ಬೆವರು ಸಾರ್. ಒಳಗೆ ಹೋದ ಸ್ವಲ್ಪ ಹೊತ್ತಿಗೆಲ್ಲ ಕಾಲು ಮರಗಟ್ಟುತ್ತೆ, ಆಮೇಲೆ ಏನೂ ಗೊತ್ತಾಗಲ್ಲ. ಬೆರಳು ಹೋಗುವಾಗ ನಮ್ಮ ಏಣಿಗೂ ಗೊತ್ತಾಗಲಿಲ್ಲ.”

ಈ ಸಲ ಯಾರೂ ನಗಲಿಲ್ಲ. ಏಣಿ ಮುಂದೆ ಬಂದು, ಸಾಹೇಬರು ಒಳಗೆ ಹೋಗಲೆಂದು ಬಾಗಿಲು ತೆರೆದು ಹಿಡಿದುಕೊಂಡ.