ದುಂಡಗಿನ ಅಕ್ಷರ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ದೊಡ್ಡ ಯಂತ್ರಗಳ ಪಕ್ಕದ ಕಿರುಕೋಣೆಯಲ್ಲಿ ಹೊಲಿಗೆಯಕ್ಕ ಹದಿನೇಳು ವರ್ಷ ಕೂತು ಹೊಲಿದಳು. ಹರಿದ ಹಾಸಿಗೆ ಬಟ್ಟೆಗೆ ತೇಪೆ, ಆಪರೇಷನ್ ಗೌನುಗಳಿಗೆ ಕಿತ್ತುಹೋದ ಲಾಡಿ. "ಎಂಥೆಂಥಾ ದೊಡ್ಡೋರ ಮಾನ ಕಾಯೋದೂ ನನ್ನ ಲಾಡೀನೇ" ಎಂದು ನರ್ಸುಗಳನ್ನು ನಗಿಸುತ್ತಿದ್ದಳು. ಗಡಿ ದಾಟಿ ಬಂದಾಗ ಅವಳು ಆರು ತಿಂಗಳ ಬಸುರಿ. ಇಲ್ಲೇ ಹುಟ್ಟಿದ ಮಗಳು ಈ ದೇಶದವಳಾದಳು. ತಾಯಿಗೆ ಮಾತ್ರ ಇಲ್ಲಿರಲು ಯಾವ ಕಾಗದವೂ ಇರಲಿಲ್ಲ. ಕೆಲಸಕ್ಕೆ ಕರೆದವರು ಕಾಗದ ಕೇಳಲಿಲ್ಲ, ಇವಳೂ ತೋರಿಸಲಿಲ್ಲ.

ಹೀಗಿರುವಾಗ ಸರ್ಕಾರ ಒಂದು ಯೋಜನೆ ತಂದಿತು. ಹತ್ತು ವರ್ಷದಿಂದ ಇಲ್ಲಿದ್ದು, ತಪ್ಪು ಮಾಡದೆ ದುಡಿದು ಬದುಕಿದವರು ತಾವಾಗಿಯೇ ಬಂದು ಹೆಸರು, ವಿಳಾಸ ಬರೆಸಿದರೆ ವಾಸದ ಪರವಾನಗಿ. ವಿವರಿಸಲು ಕನ್ನಡಕದ ಒಬ್ಬ ಅಧಿಕಾರಿ ಗ್ರಂಥಾಲಯದ ಸಭಾಂಗಣಕ್ಕೆ ಬಂದರು. ಕಾಗದವಿಲ್ಲದವರೆಲ್ಲ ಬಾಗಿಲ ಹತ್ತಿರವೇ ಕೂತಿದ್ದರು. ಕೊನೆಗೆ ಹೊಲಿಗೆಯಕ್ಕನೇ ಎದ್ದಳು.

"ಸರ್, ನಾಳೆ ಇದೇ ವಿಳಾಸ ಹಿಡ್ಕೊಂಡು ನಮ್ಮನ್ನ ಹುಡುಕ್ಕೊಂಡು ಬಂದ್ರೆ?"

"ಅಮ್ಮಾ, ಇದು ಸರ್ಕಾರದ ಮಾತು. ಬಾಯಿಮಾತಲ್ಲ, ಬರೆದು ಕೊಟ್ಟಿದೀವಿ." ಅರ್ಜಿಯ ಕೊನೆಯ ಸಾಲನ್ನು ತೋರಿಸಿದರು. ಈ ಮಾಹಿತಿಯನ್ನು ಯಾರನ್ನೂ ದೇಶದಿಂದ ಕಳಿಸಲು ಬಳಸುವುದಿಲ್ಲ ಎಂದಿತ್ತು. ಅವಳು ಅದನ್ನು ಗಟ್ಟಿಯಾಗಿ ಎರಡು ಸಲ ಓದಿದಳು. ನಂಬಿದಳು.

ತನ್ನ ಅರ್ಜಿ ಕೊಟ್ಟು ಸುಮ್ಮನಾಗಲಿಲ್ಲ. ಕೆಲಸ ಮುಗಿಸಿ ಬಂದು ಹನ್ನೊಂದು ಮನೆಯವರ ಅರ್ಜಿಗಳನ್ನು ತಾನೇ ಬರೆದಳು. ಅವಳ ಮನೆಯ ಮೇಲಿನ ಮಹಡಿಯ ಬಣ್ಣದಣ್ಣ ಮಾತ್ರ ಜಗ್ಗಲಿಲ್ಲ. ಗೋಡೆಗೆ ಬಣ್ಣ ಬಳಿಯುವ ಕೆಲಸ ಅವನದು. ಹೆಂಡತಿಗೆ ಪರವಾನಗಿ ಇತ್ತು, ಅವನಿಗಿರಲಿಲ್ಲ.

"ನನ್ನ ಪಾಡಿಗೆ ನಾನಿದೀನಿ. ಇಲ್ಲದ ಉಸಾಬರಿ ಯಾಕೆ?"

"ಹೆತ್ತ ತಾಯಿ ಹೋದಾಗ್ಲೂ ಮುಖ ನೋಡಕ್ಕೆ ಹೋಗಕ್ಕಾಗ್ಲಿಲ್ಲ ನಿಮಗೆ. ಇನ್ನೆಷ್ಟು ವರ್ಷ ಹೀಗೆ ಮುದುರ್ಕೊಂಡಿರ್ತೀರಿ? ನನ್ನ ಮಾತು ನಂಬಿ ಅಣ್ಣಾ."

ಅವನು ಸಹಿ ಹಾಕಿದ.

ಮೂರು ವರ್ಷ 'ಪರಿಶೀಲನೆಯಲ್ಲಿದೆ' ಎಂಬ ಪತ್ರವೇ ಬಂತು. ಆಮೇಲೆ ಮಂತ್ರಿಗಳು ಬದಲಾದರು, ಒಂದು ಆದೇಶದಲ್ಲಿ ಆ ಕೊನೆಯ ಸಾಲು ರದ್ದಾಯಿತು. ಒಂದು ಮಂಗಳವಾರ ಬೆಳಗ್ಗೆ ಸಮವಸ್ತ್ರದ ಇಬ್ಬರು ಮೆಟ್ಟಿಲು ಹತ್ತಿ ಹೋದರು. ಯಾವ ಬಾಗಿಲು ಎಂದು ಯಾರನ್ನೂ ಕೇಳಲಿಲ್ಲ. ಸದ್ದು ಕೇಳಿ ಹೊಲಿಗೆಯಕ್ಕ ಓಡಿದಳು. ಕೆಲಸಕ್ಕೆ ಹೊರಟಿದ್ದ ಬಣ್ಣದಣ್ಣ ತೊಳೆದ ಒದ್ದೆ ಕುಂಚ ಕೈಯಲ್ಲೇ ಹಿಡಿದು ನಿಂತಿದ್ದ. ಬಂದವರ ಕೈಯಲ್ಲಿದ್ದ ಅರ್ಜಿಯಲ್ಲಿ ಅವಳದೇ ಬರಹ.

ಅವನನ್ನು ಕರೆದೊಯ್ದ ಮೇಲೆ ಅವನ ಹೆಂಡತಿ, ಹೊಲಿಗೆಯಕ್ಕ ಅತ್ತಿಗೆ ಎಂದು ಕರೆಯುವವಳು, ಅಳಲಿಲ್ಲ. "ನಿನ್ನ ಅಕ್ಷರ ಎಷ್ಟು ದುಂಡಗಿದೆ! ಓದಕ್ಕೆ ಅವರಿಗೆ ಒಂಚೂರೂ ಕಷ್ಟ ಆಗ್ಲಿಲ್ಲ" ಎಂದು ಬಾಗಿಲು ಹಾಕಿಕೊಂಡಳು.

ಮರುದಿನ ಹೊಲಿಗೆಯಕ್ಕ ರಜೆ ಹಾಕಿ ಕಚೇರಿಗೆ ಹೋದಳು. ಅದೇ ಅಧಿಕಾರಿ, ಅದೇ ಕನ್ನಡಕ.

"ಕಾನೂನು ಬದಲಾಯ್ತಮ್ಮಾ, ನಾನೇನು ಮಾಡ್ಲಿ?"

"ಬದಲಾಗ್ಲಿ ಸರ್. ಹಳೇ ಕಾನೂನು ನಂಬಿ ಬಂದೋರ ಕುತ್ತಿಗೆಗೆ ಹೊಸ ಕಾನೂನು ಬಿಗಿಯೋದು ಯಾವ ನ್ಯಾಯ? ನೀವು ನನ್ನ ಮುಖ ನೋಡಿ ಹೇಳಿದ್ರಿ. ಈಗ ಒಂದ್ಸಲ ಮುಖ ನೋಡಿ."

ಅವರು ಕಡತ ತಿರುವಿದರು. ಒಂಬತ್ತನೇ ದಿನಕ್ಕೆ, ವಕೀಲರ ಮುಖವನ್ನೂ ಕಾಣದೆ, ಬಣ್ಣದಣ್ಣ ವಿಮಾನ ಹತ್ತಿದ.

ಹೊಲಿಗೆಯಕ್ಕನಿಗೂ ನೋಟಿಸು ಬಂತು; ಮಗಳು ಈ ದೇಶದವಳಾದ್ದರಿಂದ ಅವಳಿಗೆ ಎರಡು ತಿಂಗಳ ನಂತರ ಕೋರ್ಟಿನಲ್ಲಿ ವಿಚಾರಣೆ ಸಿಕ್ಕಿತು. ಹೇಳುವುದೇನಾದರೂ ಇದೆಯೇ ಎಂದು ನ್ಯಾಯಾಧೀಶೆ ಕೇಳಿದರು.

"ಎಲ್ಲರನ್ನೂ ಇಟ್ಕೊಳ್ಳಿ ಅನ್ನಲ್ಲ ತಾಯಿ. ಇರಬೇಡ ಅಂತಿದ್ರೆ ನೇರವಾಗಿ ಹೇಳಿ, ಆದ್ರೆ ಬಾ ಅಂತ ಕರ್ದು ಹಿಡೀಬೇಡಿ. ಕಳಿಸೋ ಮುಂಚೆ ನಮ್ಮ ಮಾತು ಕೇಳಿ, ಜೊತೆಗೊಬ್ಬ ವಕೀಲರನ್ನ ಕೊಡಿ. ಗಂಡ ಒಂದು ಕಡೆ ಹೆಂಡ್ತಿ ಒಂದು ಕಡೆ ಮಾಡಬೇಡಿ. ಇಷ್ಟು ವರ್ಷ ನಮ್ಮ ದುಡಿಮೆ ಬೇಕಿತ್ತಲ್ಲ, ಅದನ್ನೂ ತೂಕಕ್ಕೆ ಹಾಕಿ."

ಮಗಳ ಜನನ ಪತ್ರ, ನರ್ಸುಗಳ ಪತ್ರ ನೋಡಿ ಅವರು ಎರಡು ವರ್ಷ ಇರಲು ಅನುಮತಿ ಕೊಟ್ಟರು. ಸರ್ಕಾರ ಮಾತಿಗೆ ತಪ್ಪಿದೆ ಎಂದು ತೀರ್ಪಿನಲ್ಲಿ ಬರೆದರೂ, ಕಳಿಸಿದವರನ್ನು ವಾಪಸ್ ಕರೆಸುವ ಅಧಿಕಾರ ತಮಗಿಲ್ಲ ಎಂದರು. ಮಗಳು ಕೋರ್ಟಿನ ಹೊರಗೆ ಅವಳನ್ನು ತಬ್ಬಿಕೊಂಡಳು. ಹೊಲಿಗೆಯಕ್ಕನಿಗೆ ಖುಷಿಪಡಲು ನಾಚಿಕೆಯಾಯಿತು. ಅವಳು ಅರ್ಜಿ ಬರೆದುಕೊಟ್ಟವರಲ್ಲಿ ನಾಲ್ಕು ಮನೆಯವರು ರಾತ್ರೋರಾತ್ರಿ ಬೀದಿ ಬಿಟ್ಟಿದ್ದರು. ಉಳಿದವರು ಅವಳು ಹತ್ತಿರ ಬಂದರೆ ಮಾತು ನಿಲ್ಲಿಸುತ್ತಿದ್ದರು.

ಒಂದು ಭಾನುವಾರ ಮಧ್ಯಾಹ್ನ ಬಣ್ಣದಣ್ಣನೇ ಫೋನ್ ಮಾಡಿದ.

"ನನ್ನ ಮೇಲೆ ಸಿಟ್ಟಿದ್ಯಾ ಅಣ್ಣಾ?"

"ಇಲ್ಲ ಅಂದ್ರೆ ಸುಳ್ಳಾಗುತ್ತೆ. ನಿನಗೂ ಮೋಸ ಆಗಿದೆ, ಗೊತ್ತು. ಆದ್ರೂ ಸಿಟ್ಟು ಬರುತ್ತೆ." ಆಮೇಲೆ ಹೆಂಡತಿಯ ಮಾತೆತ್ತಿದ. "ಅವಳು ಮುಂದಿನ ವಾರ ಇಲ್ಲಿಗೇ ಬಂದ್ಬಿಡ್ತಾಳೆ. ಸೊಂಟನೋವು ಅವಳಿಗೆ. ಸಾಮಾನು ಕಟ್ಟಕ್ಕೆ ಯಾರೂ ಇಲ್ಲ."

ಹೊಲಿಗೆಯಕ್ಕ ಮೇಲೆ ಹೋಗಿ ಬಾಗಿಲು ತಟ್ಟಿದಳು. ಅತ್ತಿಗೆ ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಬಾಗಿಲು ತೆರೆದಿಟ್ಟು ಒಳಗೆ ಹೋದಳು. ಕತ್ತಲಾಗುವವರೆಗೆ ಇಬ್ಬರೂ ಪಾತ್ರೆ ಸುತ್ತಿದರು, ಪೆಟ್ಟಿಗೆ ಕಟ್ಟಿದರು.