ಕನ್ನಡಿಯ ಮೇಲೆ ಕಾಲುಚೀಲ

ಇಡೀ ಬೀದಿಗೆ ಅವರು ಕನ್ನಡಿ ಮೇಷ್ಟ್ರು. ಕಲಿಸುವುದೇನೋ ಕಾರು ಓಡಿಸುವುದನ್ನು. ಆದರೆ ಪಾಠದ ಮುಕ್ಕಾಲು ಪಾಲು ಕನ್ನಡಿಯದೇ. ಶಿಷ್ಯರು ಕೀಲಿ ತಿರುವುವ ಮೊದಲೇ "ಕನ್ನಡಿ!" ಎಂದು ಗುಡುಗುತ್ತಾರೆ. ಗೇರು ಬದಲಿಸಬೇಕೇ, ಕನ್ನಡಿ. ತಿರುವು ಬಂತೇ, ಕನ್ನಡಿ. ಸೀನು ಬಂದರೂ ಮೊದಲು ಕನ್ನಡಿ ನೋಡಿ ಆಮೇಲೆ ಸೀನಬೇಕು. ಹಿಂದೆ ಏನಿದೆ ಎಂದು ತಿಳಿಯದವರಿಗೆ ಮುಂದೆ ಹೋಗುವ ಯೋಗ್ಯತೆ ಇಲ್ಲ ಎಂಬ ಸಿದ್ಧಾಂತವನ್ನು ಅವರು ಕಣ್ಣು ಅರೆಮುಚ್ಚಿ ಹೇಳುವ ಗಾಂಭೀರ್ಯ ನೋಡಿದರೆ, ಇದು ಡ್ರೈವಿಂಗ್ ಸ್ಕೂಲೋ ಗುರುಕುಲವೋ ಎಂದು ಅನುಮಾನ ಬರುತ್ತಿತ್ತು.

ಇಂಥವರ ಕನ್ನಡಿಗೇ ಒಂದು ಹಕ್ಕಿ ಗಂಟುಬಿತ್ತು.

ಗೇಟಿನ ಪಕ್ಕದ ಬಳ್ಳಿಯಲ್ಲಿ ಪಿಕಳಾರದ ಜೋಡಿಯೊಂದು ಗೂಡು ಕಟ್ಟಿತ್ತು. ಒಣಹುಲ್ಲು, ಬೇರಿನ ನಾರು, ಜೇಡರ ಬಲೆ, ಮೇಷ್ಟ್ರು ಕಾರು ಒರೆಸುವ ಬಟ್ಟೆಯಿಂದ ಎಳೆದ ದಾರ, ಎಲ್ಲ ಸೇರಿ ಟೀ ಬಟ್ಟಲಿನಷ್ಟು ಮನೆ. ಹೆಣ್ಣು ಮೊಟ್ಟೆಗಳ ಮೇಲೆ ಕೂತಿತು. ಗಂಡು ಜುಟ್ಟು ನಿಮಿರಿಸಿಕೊಂಡು ಸರಹದ್ದು ಕಾಯಲು ಹೊರಟಿತು. ಕಾಯುತ್ತ ಕಾಯುತ್ತ ಕಾರಿನ ಕನ್ನಡಿಯಲ್ಲಿ ಅದಕ್ಕೆ ಇನ್ನೊಂದು ಗಂಡು ಕಾಣಿಸಿತು. ಅದಕ್ಕೂ ಜುಟ್ಟು! ಇದು ಕುಕ್ಕಿದರೆ ಅದೂ ಕುಕ್ಕುತ್ತದೆ. ಇದು ಹಾರಿದರೆ ಅದು ಮಾಯ. ಗೆದ್ದೆನೆಂದು ಬೀಗುತ್ತ ಹೋಗುವುದು, ಅನುಮಾನ ಬಂದು ಮರಳುವುದು. ಬೆಳಗಿನಿಂದ ಸಂಜೆಯವರೆಗೆ ಟಕ್ ಟಕ್ ಟಕ್. ಯುದ್ಧದ ನಡುವೆ ಕಾರಿನ ಬಾಗಿಲ ತುಂಬ ಹಿಕ್ಕೆ.

ಮೇಷ್ಟ್ರು ಚಪ್ಪಾಳೆ ತಟ್ಟಿದರು. ಹಾರನ್ ಬಾರಿಸಿದರು. ಕನ್ನಡಿ ಮಡಚಿಟ್ಟರು, ಹಕ್ಕಿ ಕಿಟಕಿಯ ಗಾಜಿನೊಂದಿಗೆ ಕಾದಾಟ ಮುಂದುವರಿಸಿತು. "ಗೂಡನ್ನೇ ಕಿತ್ತು ಬಿಸಾಕ್ತೀನಿ" ಎಂದು ಕೂಗಿದ ದಿನ ಹೆಂಡತಿ ಒಳಗಿನಿಂದ ಹೇಳಿದರು: "ಕಿತ್ತು ನೋಡಿ. ಆಮೇಲೆ ನೀವೆಲ್ಲಿ ಮಲಗ್ತೀರೋ ಅದನ್ನೂ ನೋಡ್ಕೊಳ್ಳಿ."

ಹೆಂಡತಿಯ ತಲೆಬಿಸಿಯೇ ಬೇರೆ. ಅವರು ಮನೆಮನೆಗೆ ಹೋಗಿ ಪರೀಕ್ಷೆಗೆ ರಕ್ತ ತೆಗೆದು ತರುವ ಲ್ಯಾಬಿನ ನರ್ಸ್. ಇನ್ನು ಮೇಲೆ ಲ್ಯಾಬಿನ ಕಾರನ್ನು ಹೋಗುವವರೇ ಓಡಿಸಬೇಕು, ಲೈಸೆನ್ಸ್ ಇಲ್ಲದವರು ಒಳಕೋಣೆಯಲ್ಲಿ ಗಾಜಿನ ನಳಿಕೆ ತೊಳೆಯುತ್ತ ಕೂರಬೇಕು ಎಂದು ಅಪ್ಪಣೆಯಾಗಿತ್ತು. ಬಿಸಿಲು, ಬೀದಿ, ರೋಗಿಗಳ ಹರಟೆ, ಅವರಿಗೆ ಕೆಲಸವೆಂದರೆ ಅದೇ. ಗಂಡನಿಂದಲೇ ಕಲಿತು ಎರಡು ಸಲ ಲೈಸೆನ್ಸ್ ಪರೀಕ್ಷೆಗೆ ಹೋದರು. ಎರಡು ಸಲವೂ ಕನ್ನಡಿ ನೋಡುತ್ತ ನೋಡುತ್ತ ಎದುರಿನ ಫುಟ್‌ಪಾತ್ ಹತ್ತಿಸಿ ಫೇಲಾದರು. "ಶಿಷ್ಯೆ ಸರಿಯಿಲ್ಲ" ಎಂದರು ಮೇಷ್ಟ್ರು. ಮೂರನೆಯ ಸಲವೂ ಫೇಲಾದರೆ ನಳಿಕೆಯೇ ಗತಿ.

ಅಷ್ಟರಲ್ಲಿ ಮರಿಗಳು ಹೊರಬಂದವು. ಪುಕ್ಕವಿಲ್ಲದ ಮೈ, ಮೈಗಿಂತ ದೊಡ್ಡ ಬಾಯಿ. ತಾಯಿ ಒಂದೇ ಸಮನೆ ಹುಳ ಹೊರುತ್ತಿತ್ತು.

"ನೋಡಿ ಇವನ ಸೊಕ್ಕು! ಮಕ್ಕಳು ಬಾಯಿ ಬಿಟ್ಕೊಂಡು ಕೂತಿವೆ, ಅಪ್ಪ ಇಲ್ಲಿ ಕನ್ನಡಿ ಜೊತೆ ಜಗಳ ಆಡ್ತಾನೆ" ಎಂದು ಹೆಂಡತಿ ಗಂಡನ ಎರಡು ಕಾಲುಚೀಲ ತಂದು ಎರಡೂ ಕನ್ನಡಿಗೆ ತೊಡಿಸಿ ರಬ್ಬರ್ ಬ್ಯಾಂಡ್ ಬಿಗಿದರು. ಕಿಟಕಿಗೆ ಹಳೆಯ ಬೆಡ್‌ಶೀಟ್ ಇಳಿಬಿಟ್ಟರು. ಗಂಡು ಹಕ್ಕಿ ಸ್ವಲ್ಪ ಹೊತ್ತು ಪೆಚ್ಚಾಗಿ ಕೂತಿತ್ತು. ಆಮೇಲೆ ಕೊಕ್ಕಿನಲ್ಲಿ ಒಂದು ಮಿಡತೆ ಹಿಡಿದು ಗೂಡಿಗೆ ಬಂತು.

"ನನ್ನ ಹೊಸ ಕಾಲುಚೀಲವೇ ಬೇಕಿತ್ತಾ?" ಎಂದರು ಮೇಷ್ಟ್ರು.

ಪರೀಕ್ಷೆಯ ದಿನ ಮೇಷ್ಟ್ರು ಬೆಡ್‌ಶೀಟ್ ಎಳೆದು ಹಿಂದಿನ ಸೀಟಿಗೆಸೆದು, ಹೆಂಡತಿಯನ್ನು ಅವಸರಪಡಿಸಿ ಹೊರಡಿಸಿದರು. ಪಾಠದ ಹೊತ್ತಿನಲ್ಲಿ ಅವರು ರಸ್ತೆಯನ್ನಾಗಲಿ ಕನ್ನಡಿಯನ್ನಾಗಲಿ ನೋಡುವವರಲ್ಲ. ಶಿಷ್ಯರ ಕಣ್ಣು ಕನ್ನಡಿಯತ್ತ ಹೋಯಿತೇ ಎಂದಷ್ಟೇ ನೋಡುವವರು. ಬೀದಿಯ ಕೊನೆಯಲ್ಲಿ ಗುಡುಗಿದರು.

"ಕನ್ನಡಿ! ನೋಡಿದ್ಯಾ?"

"ನೋಡ್ದೆ."

"ಏನು ಕಾಣ್ತು?"

"ನಿಮ್ಮ ಕಾಲುಚೀಲ."

ಮೇಷ್ಟ್ರ ಮುಖ ಸುಟ್ಟ ಬದನೆಕಾಯಿಯಂತಾಯಿತು. "ಮೊದಲೇ ಹೇಳೋದಲ್ವಾ!"

"ನೀವು ಉಸಿರು ತಗೊಂಡ್ರೆ ತಾನೇ ನಾನು ಹೇಳೋದು?"

ಕಾರು ನಿಲ್ಲಿಸಲು ಹೇಳಿ ಮೇಷ್ಟ್ರು ಇಳಿದರು. ಒಂದು ಕಾಲುಚೀಲವೇನೋ ಬಂತು. ಇನ್ನೊಂದರ ರಬ್ಬರ್ ಬ್ಯಾಂಡ್ ಹಿಕ್ಕೆಗೆ ಅಂಟಿ ಕೂತಿತ್ತು. ಎಳೆಯುತ್ತಿರುವಾಗಲೇ ಹಿಂದೆ ಲಾರಿಯೊಂದು ಪೋಂ ಎಂದು ಅರಚಿತು. ಬೆಚ್ಚಿದ ಮೇಷ್ಟ್ರು ಫುಟ್‌ಪಾತಿಗೆ ಜಿಗಿದರು. ಲಾರಿಗೆ ದಾರಿ ಬಿಡಬೇಕು. ಹೆಂಡತಿ ಮುಂದಕ್ಕೆ ಹೋಗಿಬಿಟ್ಟರು.

"ನಿಲ್ಸು! ಲೇ, ನಿಲ್ಸು! ಕನ್ನ..." ಮೇಷ್ಟ್ರು ಕೈಯಲ್ಲಿ ಒಂಟಿ ಕಾಲುಚೀಲ ಬೀಸುತ್ತ ಓಡಿದರು. ಎಲ್ಲೋ ಗುದ್ದಿರುತ್ತಾಳೆ, ಕಾರೂ ಹೋಯಿತು, ಮಾನವೂ ಹೋಯಿತು ಎಂದುಕೊಂಡು ಮೂಲೆ ತಿರುಗಿದರೆ, ಹಾಲಿನ ವ್ಯಾನಿಗೂ ಕಸದ ಲಾರಿಗೂ ನಡುವಿನ ಇಕ್ಕಟ್ಟಿನಲ್ಲಿ ಅವರ ಕಾರು ಅಳತೆ ಹಿಡಿದಂತೆ ನಿಂತಿತ್ತು. ರಿವರ್ಸಿನಲ್ಲಿ ಹಾಕಿದ್ದು!

ಮೇಷ್ಟ್ರಿಗೆ ಏದುಸಿರು. "ಹೀಗೆ ಹಾಕೋಕೆ ಯಾರು ಹೇಳ್ಕೊಟ್ರು?"

"ಯಾರೂ ಏನೂ ಹೇಳ್ಲಿಲ್ಲ. ಅದಕ್ಕೇ ಬಂತು. ಕತ್ತು ತಿರುಗಿಸಿ ನೋಡ್ದೆ, ಹಾಕ್ದೆ." ಹೆಂಡತಿ ಇಳಿದು ಬಂದು ಎರಡನೆಯ ಕಾಲುಚೀಲವನ್ನು ತಾವೇ ಬಿಡಿಸಿದರು. "ನೋಡ್ರೀ, ಇಲ್ಲಿಂದ ಪರೀಕ್ಷೆ ಮುಗಿಯೋವರೆಗೂ ನೀವು ಒಂದು ಮಾತಾಡಕೂಡದು. ಆಡಿದ್ರೆ ಬಸ್ಸಲ್ಲಿ ಬನ್ನಿ."

ಮೇಷ್ಟ್ರು ತುಟಿ ಕಚ್ಚಿ ಕೂತರು. ದಾರಿಯುದ್ದಕ್ಕೂ ಗಂಟಲಿನಲ್ಲಿ ಮಾತು ಮೀನಿನ ಮುಳ್ಳಿನಂತೆ ಚುಚ್ಚಿತು. ತಪ್ಪು ಸಿಕ್ಕಿದ್ದರೆ ಅಷ್ಟು ಹಿಂಸೆ ಆಗುತ್ತಿರಲಿಲ್ಲ; ಸಿಗದೆ ಇದ್ದದ್ದೇ ಹಿಂಸೆ.

ಹೆಂಡತಿ ಪಾಸಾದರು. ಪರೀಕ್ಷಕರು ಕಾರಿನಿಂದ ಇಳಿಯುತ್ತ, "ಚೆನ್ನಾಗಿ ಓಡಿಸ್ತೀರಮ್ಮ. ಯಾರ ಹತ್ರ ಕಲಿತ್ರಿ?" ಎಂದರು. ಮೇಷ್ಟ್ರು ಕಾಲರ್ ಸರಿಪಡಿಸಿಕೊಂಡು ಎರಡು ಹೆಜ್ಜೆ ಮುಂದೆ ಬಂದರು.

"ಇವರ ಹತ್ರವೇ. ಬರೋ ದಾರೀಲಿ ಬಾಯಿ ಮುಚ್ಚಿ ಕಲಿಸಿದ್ರು" ಎಂದರು ಹೆಂಡತಿ.

ಪರೀಕ್ಷಕರು ನಕ್ಕರು. ಇದು ಹೊಗಳಿಕೆಯೋ ತೆಗಳಿಕೆಯೋ ಮೇಷ್ಟ್ರಿಗೆ ತೀರ್ಮಾನವಾಗಲಿಲ್ಲ. ಮನೆಗೆ ಮರಳುವಾಗ ಪಕ್ಕದ ಸೀಟಿನಲ್ಲಿ ಕೂತು, ಯೋಚಿಸುತ್ತ ಯೋಚಿಸುತ್ತ, ಕಲಿಸುವವರ ಕಾಲಿಗೆಂದೇ ಅಳವಡಿಸಿದ್ದ ಎರಡನೇ ಬ್ರೇಕಿನ ಮೇಲೆ ಪಾದ ಇಟ್ಟರು.

"ಕಾಲು ತೆಗೀರಿ" ಎಂದರು ಹೆಂಡತಿ, ರಸ್ತೆಯಿಂದ ಕಣ್ಣು ಕದಲಿಸದೆ.

ತೆಗೆದ ಕಾಲನ್ನು ಎಲ್ಲಿಡುವುದೆಂದು ತಿಳಿಯದೆ ಮೇಷ್ಟ್ರು ಸೀಟಿನ ಮೇಲೆಯೇ ಚಕ್ಕಳಮಕ್ಕಳ ಹಾಕಿ, ಮನೆಯವರೆಗೂ ಹಾಗೆಯೇ ಕೂತಿದ್ದರು.