ಗಂಟೆಗೆ ನೂರ ಎಂಬತ್ತು

ನನ್ನ ತಂಗಿಯ ಮಗಳನ್ನು ನಾವು ಕರೆಯುವುದೇ ಬುಗುರಿ ಎಂದು. ಒಂದು ಕಡೆ ಕೂತವಳಲ್ಲ. ಹಲ್ಲುಜ್ಜುವಾಗ ಮನೆಯೆಲ್ಲ ಸುತ್ತುತ್ತಾಳೆ, ಓದಲು ಕೂತರೆ ಅವಳ ಕಾಲಿನ ಜೊತೆ ಮಂಚವೂ ಕುಣಿಯುತ್ತದೆ. ಕಾಲೇಜಿನ ಮೂರನೇ ವರ್ಷಕ್ಕೆ ಬಂದಮೇಲೆ ಆ ಚಡಪಡಿಕೆಗೆ ಒಂದು ಹೆಸರು ಸಿಕ್ಕಿತು, ಪ್ರೈವೇಟ್ ಈಕ್ವಿಟಿ. ಹಾಗಂದರೇನೇ ಎಂದು ಕೇಳಿದೆ.

"ಬೇರೆಯವರ ದುಡ್ಡು ಹಾಕಿ ಕಂಪನಿ ಕೊಳ್ಳೋದು ದೊಡ್ಡಮ್ಮ. ಸರಿಮಾಡಿ ನಾಲ್ಕೈದು ವರ್ಷ ಆದ್ಮೇಲೆ ಮಾರೋದು."

"ಕರು ಕೊಂಡು ಮೇಯಿಸಿ ಮಾರಿದ ಹಾಗೆ ಅನ್ನು. ಅದಕ್ಕೆ ಕಾಲೇಜು ಯಾಕೆ?"

ಅವಳು ನಗಲಿಲ್ಲ. ಅಂಥ ಕಚೇರಿಯಲ್ಲಿ ರಜೆಯ ಎರಡು ತಿಂಗಳು ಇಂಟರ್ನ್ ಆಗಿ ದುಡಿದು ಮೆಚ್ಚಿಸಿದರೆ ಓದು ಮುಗಿದ ಕೂಡಲೇ ಕೆಲಸ ಕೊಡುತ್ತಾರಂತೆ. ಅರವತ್ತಮೂರು ಕಡೆಗೆ ಮೇಲ್ ಬರೆದಳು. ಎರಡು ಕಡೆ ಇಲ್ಲವೆಂದರು, ಒಂದು ಕಡೆ ಸಂದರ್ಶನಕ್ಕೆ ಕರೆದರು, ಉಳಿದವರು ಉತ್ತರಿಸುವ ಗೋಜಿಗೇ ಹೋಗಲಿಲ್ಲ.

ಸಂದರ್ಶನದಲ್ಲಿ ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡ ಮೇಡಂ ಒಬ್ಬರು ಕೇಳಿದ್ದು ಒಂದೇ ಪ್ರಶ್ನೆ. "ಈ ಊರಲ್ಲಿ ಒಂದೇ ಒಂದು ಕಂಪನಿ ಕೊಳ್ಳಬಹುದು ಅಂದ್ರೆ ಯಾವುದು ಕೊಳ್ತೀಯ?"

"ಆಸ್ಪತ್ರೆ ಬಟ್ಟೆ ಒಗೆಯೋ ಲಾಂಡ್ರಿ ಮೇಡಂ. ಕಾಯಿಲೆಗೆ ರಜಾ ಇಲ್ಲ. ಹಾಸಿಗೆ ಬಟ್ಟೆ ದಿನಾ ಬದಲಾಯಿಸಲೇಬೇಕು. ಒಂದ್ಸಲ ಹಿಡಿದ ಲಾಂಡ್ರಿನ ಆಸ್ಪತ್ರೆಯವರು ಸುಮ್ಮಸುಮ್ಮನೆ ಬಿಡಲ್ಲ."

ಮೇಡಂ ಕನ್ನಡಕ ಕೆಳಗಿಳಿಸಿ ಇವಳನ್ನು ಸರಿಯಾಗಿ ನೋಡಿದರಂತೆ. ಜಾಗ ಸಿಕ್ಕಿತು.

ಆ ಮಾತು ಯಾವ ಪುಸ್ತಕದ್ದೂ ಅಲ್ಲ. ನಾನೂ ತಂಗಿಯೂ ಊಟಕ್ಕೆ ಕೂತಾಗ ಆಡುವ ಮಾತು. ಊರಲ್ಲಿ ಅಂಥ ಲಾಂಡ್ರಿ ಇರುವುದೇ ಒಂದು, ಅಲ್ಲಿ ನಾವಿಬ್ಬರೂ ಹದಿನಾಲ್ಕು ವರ್ಷದಿಂದ ಶೀಟು ಮಡಚುತ್ತಿದ್ದೇವೆ. ಅದನ್ನು ಮಾತ್ರ ಅವಳು ಮೇಡಂಗೆ ಹೇಳಲಿಲ್ಲ. ಬಟ್ಟೆ ಮಡಚುವವಳ ಮಗಳು ಎಂದರೆ ಎಲ್ಲಿ ಹಗುರವಾಗಿ ಕಾಣುತ್ತಾರೋ ಎಂದು ನುಂಗಿಕೊಂಡಳು. ಇದು ಗೊತ್ತಾದಾಗ ನನಗೆ ನೋವಾಯಿತು, ಸುಳ್ಳೇಕೆ ಹೇಳಲಿ.

ಮೊದಲ ಮೂರು ವಾರ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೆಳಗ್ಗೆ ಎಂಟಕ್ಕೆ ಹೋದರೆ ದಿನವಿಡೀ ಎಕ್ಸೆಲ್ ಶೀಟು. "ನಿಂದೂ ಶೀಟು, ನಮ್ದೂ ಶೀಟು. ನಮ್ದಾದ್ರೆ ಹೊದ್ಕೊಂಡಾದ್ರೂ ಮಲಗಬಹುದು," ಎಂದು ರೇಗಿಸುತ್ತಿದ್ದೆ. ನಾಲ್ಕನೇ ವಾರ ನಗು ನಿಂತಿತು. ತಟ್ಟೆಯ ಮುಂದಿನಿಂದ ಎದ್ದು ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ. ಕೇಳಿದರೆ ಏನಿಲ್ಲ ಎನ್ನುವಳು. "ಯಾವನೋ ಹುಡುಗ ಇರಬೇಕು ಅಕ್ಕ," ಎಂದು ತಂಗಿ ನನ್ನ ಕಿವಿಯಲ್ಲಿ ಹೇಳಿದಳು. ಹುಡುಗನಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೇಡಂ ಅವಳ ಉತ್ತರವನ್ನು ಮರೆತಿರಲಿಲ್ಲ. ನಮ್ಮ ಲಾಂಡ್ರಿಯನ್ನೇ ಕೊಳ್ಳಲು ಹೊರಟಿದ್ದರು. ಹೊರಗೆ ಬಾಯಿ ಬಿಡುವುದಿಲ್ಲ ಎಂದು ಇವಳಿಂದ ಸಹಿಯನ್ನೂ ಹಾಕಿಸಿಕೊಂಡಿದ್ದರು. ನಮಗೆ ಇದೆಲ್ಲ ತಿಳಿದದ್ದು ಆಮೇಲೆ.

ಒಂದು ಮಂಗಳವಾರ ಹತ್ತು ಗಂಟೆಗೆ ಸೂಪರ್‌ವೈಸರ್ ಹಿಂದೆ ಮೇಡಂ ಬಂದರು, ಮೇಡಂ ಹಿಂದೆ ನಮ್ಮ ಬುಗುರಿ, ಗಂಟೆಗೆ ಎಷ್ಟು ಮಡಚುತ್ತೇವೆಂದು ಎಣಿಸಲು ಕೈಯಲ್ಲಿ ಫೋನು, ಒಂದು ಹಾಳೆ. ಮಡಚುವವರು ನಾವು ಹನ್ನೆರಡು ಹೆಂಗಸರು, ಆರು ಜೋಡಿ. ದೊಡ್ಡ ಶೀಟು ಒಬ್ಬರ ಕೈಗೆ ಬಗ್ಗುವುದಿಲ್ಲ. ತಂಗಿಗೆ ಜೋಡಿ ನಾನು. ಹುಡುಗಿ ನಮ್ಮ ಗುರುತೇ ಇಲ್ಲದವಳಂತೆ ನಿಂತಳು. ತಂಗಿಯೂ ಹಾಗೇ ತಲೆ ತಗ್ಗಿಸಿದಳು. ಆದರೆ ಮೆಲ್ಲಗೆ ಎಲ್ಲರಿಗೂ ಮಾತು ದಾಟಿಸಿದಳು. "ನನ್ ಮಗಳು ಅಳೀತಾ ಇದಾಳೆ. ಅವಳ ಮರ್ಯಾದೆ ಉಳಿಸ್ರೇ, ಬೇಗ ಬೇಗ ಕೈ ಆಡಿಸ್ರೇ."

ಆಡಿಸಿದೆವು. ಬೇರೆ ದಿನ ಒಂದು ಜೋಡಿ ಗಂಟೆಗೆ ನೂರ ಇಪ್ಪತ್ತು ಮಡಚುತ್ತದೆ. ಅಂದು ದೆವ್ವ ಹೊಕ್ಕವರ ಹಾಗೆ ಮಡಚಿದೆವು. ಹುಡುಗಿ ಬಿಳಿಚಿಕೊಂಡಳು. ಕೆಮ್ಮಿದಳು. ಅಮ್ಮನ ಕಡೆ ನೋಡಿ ಬೇಡವೆಂದು ಸಣ್ಣಗೆ ತಲೆಯಾಡಿಸಿದಳು. ತಂಗಿಗೆ ಅದು ಸಾಲದು ಎಂದ ಹಾಗೆ ಕಂಡಿತು. "ಇನ್ನೂ ಬೇಗ ಅಕ್ಕ!" ಎಂದಳು. ನನ್ನ ರಟ್ಟೆ ಬಿದ್ದುಹೋಯಿತು.

ಸಂಜೆ ನಾವು ಬರುವ ಹೊತ್ತಿಗೆ ಹುಡುಗಿ ಮನೆಯಲ್ಲಿದ್ದಳು. ತಂಗಿ ಚಪ್ಪಲಿ ಬಿಡುತ್ತಲೇ ಕೇಳಿದಳು, "ಎಷ್ಟು ಬಂತೇ ನಮ್ದು?"

"ನೂರ ಎಂಬತ್ತು."

"ನೋಡ್ದ್ಯಾ ಅಕ್ಕ!"

"ಅಮ್ಮ, ಅಷ್ಟು ಬೇಗ ಮಡಚಿದ್ರೆ ಆರು ಜೋಡಿ ಯಾಕೆ, ನಾಲ್ಕು ಸಾಕು. ಲಾಂಡ್ರಿ ಕೊಂಡ್ಮೇಲೆ ನಾಲ್ಕು ಜನಾನ ತೆಗೀತಾರೆ."

ಲಾಂಡ್ರಿಯಿಂದ ಹಿಂದಿರುಗುವಾಗ ಕಾರಿನಲ್ಲಿ ಮೇಡಂ ಆ ಲೆಕ್ಕ ನೋಡಿ, ಓದು ಮುಗಿಸಿ ಬಾ, ನಿನಗೆ ಕೆಲಸ ಇದೆ ಎಂದರಂತೆ. ಇವಳಿಗೆ ತಡೆಯಲಾಗಲಿಲ್ಲ. "ಆ ಲೆಕ್ಕ ತಪ್ಪು ಮೇಡಂ. ಅಲ್ಲಿದ್ದವರು ನಮ್ಮಮ್ಮ, ನಮ್ಮ ದೊಡ್ಡಮ್ಮ. ನನಗೋಸ್ಕರ ಹಾಗೆ ಓಡಿದ್ರು," ಎಂದುಬಿಟ್ಟಳು. ಮೇಡಂ ಬೈಯಲಿಲ್ಲ. ಇದನ್ನು ಮೊದಲ ದಿನವೇ ಹೇಳಬೇಕಿತ್ತು ಎಂದರು. ನಾಳೆ ತಾವೇ ಹೋಗಿ ಅಳೆಯುವುದಾಗಿಯೂ, ಇವಳು ಇನ್ನು ಕಚೇರಿಗೆ ಬರಬೇಕಿಲ್ಲವೆಂದೂ ಹೇಳಿ ಬಸ್ ಸ್ಟಾಪಿನಲ್ಲಿ ಇಳಿಸಿದರು.

"ಹೇಳು ಅಂತ ಯಾರು ಕೇಳಿದ್ರೇ ನಿನ್ನ?" ತಂಗಿ ಕೂಗಾಡಿದಳು. "ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡ್ಕೊಂಡ್ಯಲ್ಲೇ!"

ಹುಡುಗಿ ಕುರ್ಚಿಯಲ್ಲಿ ಅಲುಗಾಡದೆ ಕೂತಿದ್ದಳು. ಅವಳು ಹಾಗೆ ಕೂತದ್ದನ್ನು ನಾನು ಎಂದೂ ನೋಡಿರಲಿಲ್ಲ. ನನಗೆ ಹೆದರಿಕೆಯಾಯಿತು.

ಮರುದಿನ ಮೇಡಂ ಬಂದು ನೆಟ್ಟಗೆ ನಮ್ಮ ಜೋಡಿಯ ಎದುರೇ ನಿಂತರು. ತಂಗಿ ಮೊದಲ ಶೀಟನ್ನೇ ರಪ್ಪನೆ ಎಳೆದಳು.

"ಅಕ್ಕ, ನಿನ್ನೆ ಹಾಗೇ ಮಾಡು," ಎಂದು ಪಿಸುಗುಟ್ಟಿದಳು. "ಅವಳ ಲೆಕ್ಕ ಸರಿ ಅಂತಾದ್ರೆ ವಾಪಸ್ ಕರೀತಾರೆ. ತೆಗೆದ್ರೆ ಮೊದಲು ನನ್ನ ತೆಗೀಲಿ."

ತೆಗೆಯುವುದಾದರೆ ಮೊದಲು ನನ್ನನ್ನೇ. ಇದ್ದವರಲ್ಲಿ ಹಿರಿಯಳು ನಾನು, ಎಡ ಮಂಡಿ ಬೇರೆ ಹೋಗಿದೆ. ಹಾಗಾಗಿ ಆ ಹೊತ್ತು ನಾನು ಯೋಚಿಸಿದ್ದು ಯಾರಿಗಾಗಿ ಎಂದು ಆಣೆ ಮಾಡಿ ಹೇಳಲಾರೆ. ಹುಡುಗಿ ಕೆಲಸ ಕಳೆದುಕೊಂಡು ನಿಜ ಹೇಳಿದ್ದಳು. ನಾವು ಮತ್ತೆ ಓಡಿದರೆ ಅವಳ ಮಾತು ಸುಳ್ಳಾಗುತ್ತಿತ್ತು. ಅದೂ ತಲೆಯಲ್ಲಿತ್ತು, ನನ್ನ ಹೊಟ್ಟೆಪಾಡೂ ಇತ್ತು.

ಮೂಲೆಗೆ ಮೂಲೆ ಕೂಡಿಸಿ, ಸುಕ್ಕು ಸವರಿ, ದಿನದ ಹಾಗೇ ಮಡಚಿದೆ. ತಂಗಿ ತನ್ನ ತುದಿಯಿಂದ ಜಗ್ಗಿದಳು. ನಾನು ಬಿಟ್ಟುಕೊಡಲಿಲ್ಲ.

"ಅವಳ ಬದುಕು ಕಣಕ್ಕ ಇದು," ಎಂದಳು. ಕಣ್ಣು ತುಂಬಿತ್ತು.

ನಾನು ಮುಂದಿನ ಶೀಟು ಎತ್ತಿಕೊಂಡೆ. ಗಂಟೆ ಮುಗಿದಾಗ ಲೆಕ್ಕ ನೂರ ಹದಿನೆಂಟು ಬಂತು. ಮೇಡಂ ಬರೆದುಕೊಂಡರು, ಫೋನು ಚೀಲಕ್ಕೆ ಹಾಕಿಕೊಂಡರು.

"ನಿಮ್ಮಲ್ಲಿ ಆ ಹುಡುಗಿಯ ಅಮ್ಮ ಯಾರು?"

"ನಾನೇ," ಎಂದಳು ತಂಗಿ.

"ನಿಮ್ಮ ಮಗಳು ಹೇಳಿದ್ದು ನಿಜ," ಎಂದರು ಮೇಡಂ. ಕೆಲಸದ ಮಾತು ಎತ್ತಲಿಲ್ಲ. ಅವರು ಬಾಗಿಲು ದಾಟುವವರೆಗೂ ತಂಗಿ ಕಾದಳು. ಆಮೇಲೆ ಶೀಟಿನ ರಾಶಿಯ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ನಾನು ಹತ್ತಿರ ಹೋದರೆ ಮುಖ ತಿರುಗಿಸಿಕೊಂಡಳು.